ಎರವಲು ಸಮವಸ್ತ್ರದ ಹುಡುಗ
ನಕ್ಕು ಮರೆತ ಕಾಲೇಜು ಚಿತ್ರವೊಂದು ಕನ್ನಡ ಮಾಧ್ಯಮದ ಮನೆಗಳಿಗೆ ಹೇಳುವ ಮಾತು



ರಜೆ ಬಂತೆಂದರೆ ಟಿ.ವಿ.ಯಲ್ಲಿ ಮತ್ತೆ ಮತ್ತೆ ಬರುವ ಚಿತ್ರ ‘ತ್ರೀ ಈಡಿಯಟ್ಸ್’. ಹಿಂದಿಯಲ್ಲಿ ನೋಡದವರು ಅದರ ತಮಿಳು ರೂಪವಾದ ‘ನಣ್ಬನ್’ ಚಿತ್ರವನ್ನಾದರೂ ನೋಡಿರುತ್ತೀರಿ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅವರ ಜೊತೆ ನಾವೂ ನಗುತ್ತೇವೆ. ಚಿತ್ರ ಮುಗಿಯುತ್ತಲೇ ಟಿ.ವಿ. ಆರಿಸಿ, ‘ಸಾಕು, ಹೋಗಿ ಓದಿಕೊಳ್ಳಿ’ ಎನ್ನುತ್ತೇವೆ. ಮೂರು ಗಂಟೆ ಕಾಲ ಆ ಚಿತ್ರ ಮಾತಾಡಿದ್ದು ಇದೇ ‘ಓದಿಕೊಳ್ಳಿ’ ಎಂಬ ಮಾತಿನ ಬಗ್ಗೆ ಎನ್ನುವುದು ನಮಗೆ ಹೊಳೆದಿರುವುದಿಲ್ಲ.

ನಾನು ಕನ್ನಡದಲ್ಲೂ ತಮಿಳಿನಲ್ಲೂ ಓದಿ, ಎರಡೂ ಭಾಷೆಯ ಮಕ್ಕಳ ನಡುವೆ ಬದುಕಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಸಿನಿಮಾ ವಿಮರ್ಶೆ ನನ್ನ ಕೆಲಸವಲ್ಲ. ಆದರೆ ಈ ಚಿತ್ರದ ಒಂದೊಂದು ತಮಾಷೆಯ ಕೆಳಗೂ ಒಂದು ಶಾಲೆ ಅಡಗಿದೆ. ಅದರಲ್ಲೂ ಗಡಿಯಾಚೆ ಕುಳಿತು ಕನ್ನಡದಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಸಂಬಂಧಿಸಿದ ಸಂಗತಿ ಅದರಲ್ಲಿ ಬೇಕಾದಷ್ಟಿದೆ. ರಿಷಬ್ ಶೆಟ್ಟಿಯವರು 2018ರಲ್ಲಿ ಮಾಡಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಚಿತ್ರ ನಮ್ಮ ಕಷ್ಟವನ್ನು ಹೆಸರಿಟ್ಟು ನೇರವಾಗಿಯೇ ಹೇಳಿತು. ಈ ಹಿಂದಿ ಚಿತ್ರ ಹಾಗಲ್ಲ. ಇಲ್ಲಿ ಹೇಳಬೇಕಾದ್ದು ನಗೆಯೊಳಗೆ ಅವಿತಿದೆ. ಅದನ್ನು ಹೊರಗೆ ತೆಗೆದು ನಿಮ್ಮ ಮುಂದಿಡುವುದಷ್ಟೇ ನನ್ನ ಉದ್ದೇಶ.

ಚಿತ್ರ ಯಾವುದು, ಕಥೆ ಏನು

ರಾಜ್‌ಕುಮಾರ್ ಹಿರಾನಿ ನಿರ್ದೇಶಿಸಿದ ‘ತ್ರೀ ಈಡಿಯಟ್ಸ್’ ತೆರೆಗೆ ಬಂದದ್ದು 2009ರ ಡಿಸೆಂಬರ್ 25ರಂದು. ಚೇತನ್ ಭಗತ್ ಅವರ ಇಂಗ್ಲಿಷ್ ಕಾದಂಬರಿಯೊಂದರ ಎಳೆ ಹಿಡಿದು ಹೆಣೆದ ಕಥೆ. ಅದರಲ್ಲಿ ಕಾಣುವ ಎಂಜಿನಿಯರಿಂಗ್ ಕಾಲೇಜು ದಿಲ್ಲಿಯಲ್ಲಿದೆ ಎಂದು ಚಿತ್ರ ಹೇಳುತ್ತದೆ. ಆದರೆ ಆ ಕಲ್ಲುಗೋಡೆಯ ಮೊಗಸಾಲೆಗಳನ್ನು ಚಿತ್ರೀಕರಿಸಿದ್ದು ನಮ್ಮ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಆವರಣದಲ್ಲಿ. ಇದೇ ಕಥೆಯನ್ನು ಶಂಕರ್ ತಮಿಳಿಗೆ ತಂದರು. ವಿಜಯ್, ಜೀವಾ, ಶ್ರೀಕಾಂತ್ ನಟಿಸಿದ ಆ ‘ನಣ್ಬನ್’ 2012ರ ಪೊಂಗಲ್ ಹೊತ್ತಿಗೆ ಬಂತು.

ಕಥೆ ಸರಳವಾದದ್ದು. ರಾಂಚೊ, ಫರ್ಹಾನ್, ರಾಜು ಎಂಬ ಮೂವರು ಒಂದೇ ಹಾಸ್ಟೆಲ್ ಕೋಣೆಯ ಗೆಳೆಯರು. ಪ್ರಾಂಶುಪಾಲನಿಗೆ ಹುಡುಗರು ಇಟ್ಟ ಹೆಸರು ‘ವೈರಸ್’. ಬದುಕೆಂದರೆ ಓಟದ ಸ್ಪರ್ಧೆ ಎಂಬುದು ಅವನ ಮತ. ಪುಸ್ತಕದ ಸಾಲುಗಳನ್ನು ನುಂಗಿ ಮೊದಲ ಸ್ಥಾನಕ್ಕೆ ಓಡುವ ಚತುರ್ ರಾಮಲಿಂಗಂ ಎಂಬ ಇನ್ನೊಬ್ಬ ಹುಡುಗನೂ ಇದ್ದಾನೆ. ಓದು ಮುಗಿದ ದಿನವೇ ರಾಂಚೊ ಯಾರಿಗೂ ಹೇಳದೆ ಮಾಯವಾಗುತ್ತಾನೆ. ವರ್ಷಗಳ ನಂತರ ಗೆಳೆಯರು ಅವನನ್ನು ಹುಡುಕಿ ಹೊರಡುತ್ತಾರೆ. ಮೇಲುನೋಟಕ್ಕೆ ಇಷ್ಟೇ ಕಥೆ.

ಯಂತ್ರ ಎಂದರೇನು?

ಮೊದಲು ತರಗತಿಯ ಆ ದೃಶ್ಯವನ್ನು ನೆನಪಿಸಿಕೊಳ್ಳಿ. ಯಂತ್ರ ಎಂದರೇನು ಎಂದು ಪ್ರಾಧ್ಯಾಪಕರು ಕೇಳುತ್ತಾರೆ. ಮನುಷ್ಯನ ಕೆಲಸ ಹಗುರ ಮಾಡುವುದು, ಸಮಯ ಉಳಿಸುವುದು ಯಾವುದಿದ್ದರೂ ಅದು ಯಂತ್ರವೇ ಎಂದು ರಾಂಚೊ ತನ್ನ ಮಾತಿನಲ್ಲಿ ಹೇಳುತ್ತಾನೆ. ಫ್ಯಾನು, ಫೋನು, ಲೆಕ್ಕದ ಯಂತ್ರ ಎಂದು ಉದಾಹರಣೆ ಕೊಡುತ್ತಾ ಪ್ಯಾಂಟಿನ ಜಿಪ್ಪಿನವರೆಗೂ ಬರುತ್ತಾನೆ. ತರಗತಿ ಗೊಳ್ಳೆಂದು ನಗುತ್ತದೆ. ಪ್ರಾಧ್ಯಾಪಕರಿಗೆ ಮಾತ್ರ ಸಿಟ್ಟು, ಅವರಿಗೆ ಬೇಕಾದದ್ದು ಪುಸ್ತಕದಲ್ಲಿರುವ ವ್ಯಾಖ್ಯೆ. ಚತುರ್ ಎದ್ದು ನಿಂತು ಪುಸ್ತಕದ ಉದ್ದುದ್ದ ವಾಕ್ಯವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಅವನಿಗೆ ಶಹಭಾಸ್, ರಾಂಚೊಗೆ ಬಾಗಿಲು. ಹೊರಗೆ ಹೋದ ರಾಂಚೊ ಮರೆತ ವಸ್ತುವೊಂದಕ್ಕಾಗಿ ಮರಳಿ ಬರುತ್ತಾನೆ. ಏನು ಮರೆತೆ ಎಂದರೆ ಹತ್ತಾರು ವಿಶೇಷಣ ಸೇರಿಸಿ ಉದ್ದನೆಯ ವರ್ಣನೆ ಕೊಡುತ್ತಾನೆ. ಯಾರಿಗೂ ಅರ್ಥವಾಗುವುದಿಲ್ಲ. ಕೊನೆಗೆ ನೋಡಿದರೆ ಅದು ಪುಸ್ತಕ! ಸರಳವಾಗಿ ಹೇಳಬಾರದಿತ್ತೇ ಎಂದು ಪ್ರಾಧ್ಯಾಪಕರು ಗದರಿದರೆ, ಆಗಲೇ ಸರಳವಾಗಿ ಹೇಳಿ ನೋಡಿದೆ, ನಿಮಗೆ ಹಿಡಿಸಲಿಲ್ಲವಲ್ಲ ಎನ್ನುತ್ತಾನೆ.

ಇದು ಪ್ರಾಧ್ಯಾಪಕರನ್ನು ಗೇಲಿ ಮಾಡುವ ದೃಶ್ಯವೆಂದು ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಅಲ್ಲಿರುವ ಪ್ರಶ್ನೆ ಬೇರೆ. ತಿಳಿದವನು ಯಾರು? ವಿಷಯವನ್ನು ತನ್ನ ಮಾತಿಗೆ ತಂದುಕೊಂಡವನೋ, ಇನ್ನೊಬ್ಬರ ಮಾತನ್ನು ಹಾಗೆಯೇ ಮರಳಿ ಕೊಡಬಲ್ಲವನೋ?

ನಮ್ಮ ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ಸರಳ ಯಂತ್ರಗಳ ಪಾಠ ಬರುತ್ತದೆ: ಸನ್ನೆ, ರಾಟೆ, ಇಳಿಜಾರು, ಬೆಣೆ, ತಿರುಪು, ಗಾಲಿ ಮತ್ತು ಅಚ್ಚು. ತೋಟದಲ್ಲಿ ಬಂಡೆ ಎಬ್ಬಿಸಲು ಹಾರೆಯ ಕೆಳಗೆ ಕಲ್ಲು ಕೊಟ್ಟು ಮೀಟುವುದನ್ನು ನೋಡಿದ ಹುಡುಗನಿಗೆ ಸನ್ನೆ ಗೊತ್ತು. ಬಾವಿಯಿಂದ ನೀರು ಸೇದಿದ ಹುಡುಗಿಗೆ ರಾಟೆ ಗೊತ್ತು. ಸೌದೆ ಸೀಳುವಾಗ ಬೆಣೆ ಹೊಡೆಯುವುದನ್ನು ಕಂಡ ಮಗುವಿಗೆ ಬೆಣೆಯೂ ಗೊತ್ತು. ಈ ಮಾತುಗಳೆಲ್ಲ ಮನೆಯ ಮಾತುಗಳೇ ಆಗಿರುವುದರಿಂದ ಪಾಠ ಅರ್ಧ ಮನೆಯಲ್ಲೇ ಆಗಿರುತ್ತದೆ. ಕನ್ನಡ ಮಾಧ್ಯಮದ ಬಲ ಇರುವುದು ಇಲ್ಲಿ. ಅದು ಅಭಿಮಾನದ ಮಾತಲ್ಲ, ಕಲಿಕೆಯ ಮಾತು.

ಆದರೂ ಮಾಧ್ಯಮ ಕನ್ನಡವಾದ ಮಾತ್ರಕ್ಕೆ ಎಲ್ಲವೂ ತಿಳಿಯುತ್ತದೆ ಎಂದುಕೊಳ್ಳಬೇಡಿ. ನಮ್ಮ ಪುಸ್ತಕದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದಿದೆ. ಅದೇ ಪಾಠಕ್ಕೆ ತಮಿಳು ಪುಸ್ತಕದಲ್ಲಿ ‘ಒಳಿಚ್ಚೇರ್ಕೈ’ ಎಂಬ ಹೆಸರು. ಒಳಿ ಎಂದರೆ ಬೆಳಕು, ಸೇರ್ಕೈ ಎಂದರೆ ಸೇರಿಕೆ. ತಮಿಳು ಮಗುವಿಗೆ ಹೆಸರಿನಲ್ಲೇ ಬೆಳಕು ಕಾಣುತ್ತದೆ, ಕನ್ನಡ ಮಗುವಿಗೆ ನಾಲಿಗೆ ತೊಡರುತ್ತದೆ. ‘ಗುರುತ್ವಾಕರ್ಷಣೆ’ಗೆ ಅಲ್ಲಿ ‘ಪುವಿಯೀರ್ಪ್ಪು’, ಅಂದರೆ ಭೂಮಿಯ ಸೆಳೆತ. ಆದ್ದರಿಂದ ಕನ್ನಡದಲ್ಲಿ ಓದುವ ಮಗುವೂ ಚತುರ್‌ನಂತೆ ಅರ್ಥವಾಗದ ಮಾತನ್ನು ಒಪ್ಪಿಸಬಲ್ಲದು. ಎಲೆ ಬಿಸಿಲಿನ ನೆರವಿನಿಂದ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ ಎಂದು ಮೊದಲು ಹೇಳಿಸಿ, ಆಮೇಲೆ ದೊಡ್ಡ ಪದ ಕಲಿಸಿದರೆ ಅದು ಮಗುವಿನಲ್ಲಿ ನಿಲ್ಲುತ್ತದೆ. ಕ್ರಮ ತಿರುಗುಮುರುಗಾದರೆ ಪದ ಮಾತ್ರ ನಿಲ್ಲುತ್ತದೆ, ಎಲೆ ಮರೆತುಹೋಗುತ್ತದೆ.

ಅರ್ಥವಾಗದ ಭಾಷಣ

ಈಗ ಚಿತ್ರದ ಅತಿ ಹೆಚ್ಚು ನಗಿಸುವ ದೃಶ್ಯಕ್ಕೆ ಬರೋಣ. ಶಿಕ್ಷಕರ ದಿನದ ಸಭೆ. ಮಂತ್ರಿಗಳು ಬಂದಿದ್ದಾರೆ. ಸ್ವಾಗತ ಭಾಷಣ ಚತುರ್‌ನದು. ಅವನು ಉಗಾಂಡದಲ್ಲಿ ಹುಟ್ಟಿ ಪುದುಚೇರಿಯಲ್ಲಿ ಓದಿದವನು, ಹಿಂದಿ ಅಷ್ಟಕ್ಕಷ್ಟೆ. ಗ್ರಂಥಪಾಲಕರಿಂದ ಘನವಾದ ಹಿಂದಿಯಲ್ಲಿ ಭಾಷಣ ಬರೆಸಿ ಉರು ಹೊಡೆಯುತ್ತಾನೆ. ರಾಂಚೊ ಗುಟ್ಟಾಗಿ ಅದರ ಕೆಲವು ಪದ ಬದಲಿಸಿಬಿಡುತ್ತಾನೆ. ‘ಚಮತ್ಕಾರ’ ಇದ್ದಲ್ಲೆಲ್ಲ ‘ಬಲಾತ್ಕಾರ’ ಬರುತ್ತದೆ. ಸಭೆ ನಗುತ್ತದೆ. ತನ್ನನ್ನು ಮೆಚ್ಚಿ ನಗುತ್ತಿದ್ದಾರೆ ಎಂದುಕೊಂಡು ಚತುರ್ ಇನ್ನಷ್ಟು ಉತ್ಸಾಹದಿಂದ ಮುಂದುವರಿಯುತ್ತಾನೆ.

ಹೆಣ್ಣುಮಕ್ಕಳ ಮೇಲಿನ ಹಿಂಸೆಯನ್ನು ಸೂಚಿಸುವ ಪದವನ್ನು ನಗೆಗೆ ಬಳಸಿದ್ದು ನನಗೆ ಅಂದೂ ಹಿಡಿಸಲಿಲ್ಲ, ಇಂದೂ ಹಿಡಿಸುವುದಿಲ್ಲ. ಮನೆಯಲ್ಲಿ ಮಕ್ಕಳ ಜೊತೆ ನೋಡುವಾಗ ಆ ಮಾತು ಏಕೆ ತಮಾಷೆಯಲ್ಲ ಎಂದು ಹೇಳಿಕೊಡಿ. ಅದರ ಆಚೆಗೆ ಇನ್ನೊಂದು ಸಂಗತಿಯಿದೆ. ತಿಳಿಯದೆ ಗಟ್ಟಿ ಮಾಡಿದರೆ ಹೀಗೇ ಆಗುವುದು ಎಂದು ಚಿತ್ರ ಹೇಳುತ್ತದೆ. ಸರಿ. ಆದರೆ ಚತುರ್ ಗಟ್ಟಿ ಮಾಡಿದ್ದು ಏಕೆ ಎಂದು ಚಿತ್ರ ಕೇಳುವುದಿಲ್ಲ. ಗಡಿಯಲ್ಲಿ ಪಾಠ ಮಾಡಿದವರು ಅದನ್ನು ಕೇಳಲೇಬೇಕು. ಆ ವೇದಿಕೆಯ ಭಾಷೆ ಅವನ ಭಾಷೆಯಲ್ಲ. ತನ್ನದಲ್ಲದ ಭಾಷೆಯಲ್ಲಿ ಜಾಣನೆನ್ನಿಸಿಕೊಳ್ಳಬೇಕಾದ ಮಗುವಿಗೆ ಉರು ಹೊಡೆಯುವುದು ಬಿಟ್ಟು ಬೇರೆ ದಾರಿ ಯಾವುದಿದೆ? ಭಾಷೆ ಗೊತ್ತಿದ್ದರೆ ಅವನ ಕಾಗದದಲ್ಲಿ ಒಂದು ಪದ ಬದಲಿಸುವುದೂ ಯಾರಿಂದಲೂ ಆಗುತ್ತಿರಲಿಲ್ಲ. ಮೊದಲ ಸಾಲಿನಲ್ಲೇ ಹಿಡಿದುಬಿಡುತ್ತಿದ್ದ. ತಮಿಳಿಗೆ ಬಂದಾಗಲೂ ಈ ದೃಶ್ಯಕ್ಕೆ ತಮಿಳು ಸರಿಯಾಗಿ ಬಾರದ ಹುಡುಗನೇ ಬೇಕಾಯಿತು. ಭಾಷೆಯ ಹೊರಗೆ ನಿಂತವನಿಲ್ಲದೆ ಈ ತಮಾಷೆ ನಡೆಯುವುದೇ ಇಲ್ಲ.

ಹೀಗೆ ನೋಡಿದರೆ, ನಾವು ಬೈದುಕೊಂಡು ನಗುವ ಚತುರ್ ನಮ್ಮ ಮಕ್ಕಳಿಗೆ ಹತ್ತಿರದವನು. ಮನೆಯಲ್ಲಿ ಯಾರಿಗೂ ಬಾರದ ಭಾಷೆಯ ಶಾಲೆಗೆ ಆರನೇ ವಯಸ್ಸಿನಲ್ಲಿ ಹಾಕಿದ ಮಗು ಮಾಡುವುದೂ ಇದನ್ನೇ. ನೆಂಟರ ಮುಂದೆ ಇಂಗ್ಲಿಷ್ ಪದ್ಯ ಒಪ್ಪಿಸುತ್ತದೆ. ನಾವು ಹಿಗ್ಗುತ್ತೇವೆ. ಪದ್ಯದಲ್ಲಿ ಏನಿದೆ ಮಗಾ ಎಂದು ಕೇಳುವುದಿಲ್ಲ.

ಭಾಷೆಗಳಲ್ಲೇ ಒಂದು ಸೂಚನೆ ಇದೆ. ಉರು ಹೊಡೆಯುವುದಕ್ಕೆ ಕನ್ನಡದಲ್ಲಿ ‘ಬಾಯಿಪಾಠ’ ಎನ್ನುತ್ತೇವೆ, ತಮಿಳಿನಲ್ಲಿ ‘ಮನಪ್ಪಾಡಂ’ ಎನ್ನುತ್ತಾರೆ. ಒಂದು ಬಾಯಿಗೆ ಸೇರಿದ್ದು, ಇನ್ನೊಂದು ಮನಸ್ಸಿಗೆ. ಮಗ್ಗಿ, ಪದ್ಯ, ಸೂತ್ರಗಳಿಗೆ ಎರಡೂ ಬೇಕು, ಬಾಯಿಪಾಠವೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಬಾಯಿಗೆ ಬಂದದ್ದು ಮನಸ್ಸಿಗೂ ಇಳಿಯಿತೇ ಎಂದು ನೋಡುವ ಒಬ್ಬರು ಮನೆಯಲ್ಲಿರಬೇಕು ಎನ್ನುತ್ತೇನೆ. ಕನ್ನಡ ಮಾಧ್ಯಮದ ಮಗುವಿಗೆ ಆ ಒಬ್ಬರು ಅಮ್ಮನೂ ಆಗಬಹುದು, ಅಜ್ಜನೂ ಆಗಬಹುದು. ಅವರು ಶಾಲೆಗೆ ಹೋಗಿರಬೇಕಾಗಿಯೂ ಇಲ್ಲ.

ಮೂರು ಮನೆಗಳು

ಚಿತ್ರ ತೋರಿಸುವ ಮನೆಗಳನ್ನು ನೋಡಿ. ಫರ್ಹಾನ್ ಹುಟ್ಟಿದ ಕೂಡಲೇ ಅಪ್ಪ ಅವನನ್ನು ಎಂಜಿನಿಯರ್ ಎಂದು ತೀರ್ಮಾನಿಸಿಬಿಡುತ್ತಾರೆ. ಮನೆಗೆ ಕೊಂಡ ಒಂದೇ ಒಂದು ಏಸಿಯನ್ನು ಮಗನ ಓದಿಗೆಂದು ಅವನ ಕೋಣೆಗೆ ಹಾಕಿಸುತ್ತಾರೆ. ಮಗನಿಗೋ ಕಾಡುಪ್ರಾಣಿಗಳ ಫೋಟೊ ತೆಗೆಯುವ ಹಂಬಲ. ಅಪ್ಪ ಕ್ರೂರಿಯಲ್ಲ, ತನ್ನ ಸುಖ ಬಿಟ್ಟುಕೊಟ್ಟವರು. ಆ ಪ್ರೀತಿಯೇ ಮಗನ ಬಾಯಿ ಕಟ್ಟಿದೆ.

ರಾಜುವಿನ ಮನೆಯನ್ನು ಹಳೆಯ ಕಪ್ಪು-ಬಿಳುಪು ಚಿತ್ರದಂತೆ ತೋರಿಸಿದ್ದಾರೆ. ಹಾಸಿಗೆ ಹಿಡಿದ ಅಪ್ಪ, ತರಕಾರಿ ಬೆಲೆ ಎಣಿಸುತ್ತಾ ಅಳುವ ಅಮ್ಮ, ವರದಕ್ಷಿಣೆಗೆ ಕಾರಿಲ್ಲವೆಂದು ಮದುವೆಯಾಗದೆ ಉಳಿದ ಅಕ್ಕ. ಆ ದೃಶ್ಯಗಳಲ್ಲಿ ನಮ್ಮನ್ನು ನಗಿಸುವಂತೆ ಮಾಡಿದ್ದಾರೆ. ಬಡತನ ಹಳೆಯ ಸಿನಿಮಾದ ಸಂಗತಿ ಎಂದು ನಕ್ಕವರಿಗೆ, ಅದು ಇನ್ನೂ ಮುಗಿದಿಲ್ಲ ಎಂದು ಅದೇ ನಗೆಯೊಳಗೆ ಚುಚ್ಚುತ್ತಾರೆ. ರಾಜುವಿನ ಬೆರಳುಗಳ ತುಂಬ ಉಂಗುರ. ಪರೀಕ್ಷೆ ಬಂದರೆ ದೇವರಿಗೆ ಹರಕೆ. ಅವನು ದಡ್ಡನಲ್ಲ, ಹೆದರಿದವನು. ಇಡೀ ಮನೆಯ ಭಾರ ಒಂದು ಅಂಕಪಟ್ಟಿಯ ಮೇಲೆ ಕುಳಿತರೆ ಯಾವ ಹುಡುಗನಿಗೆ ಹೆದರಿಕೆಯಾಗದು?

ಮೂರನೆಯದು ನಾವು ಕಾಣದ ಮನೆ. ಜಾಯ್ ಲೋಬೊ ಎಂಬ ವಿದ್ಯಾರ್ಥಿ ಕ್ಯಾಮೆರಾ ಹೊತ್ತು ಹಾರುವ ಪುಟ್ಟ ಹೆಲಿಕಾಪ್ಟರ್ ಕಟ್ಟುತ್ತಿರುತ್ತಾನೆ. ಕೊಟ್ಟ ಅವಧಿಯಲ್ಲಿ ಮುಗಿಯುವುದಿಲ್ಲ. ಪ್ರಾಂಶುಪಾಲ ಅವನ ಎದುರಿಗೇ ಫೋನೆತ್ತಿ, ನಿಮ್ಮ ಮಗ ಈ ವರ್ಷ ಪಾಸಾಗುವುದಿಲ್ಲ ಎಂದು ಅಪ್ಪನಿಗೆ ಹೇಳುತ್ತಾನೆ. ಗೆಳೆಯರು ಆ ಹೆಲಿಕಾಪ್ಟರನ್ನು ಸರಿಪಡಿಸಿ ಅವನ ಕಿಟಕಿಯವರೆಗೆ ಹಾರಿಸುವ ಹೊತ್ತಿಗೆ ಹುಡುಗ ಪ್ರಾಣ ಬಿಟ್ಟಿರುತ್ತಾನೆ. ಪ್ರಾಂಶುಪಾಲನ ಸ್ವಂತ ಮಗನೂ ಹೀಗೇ ಹೋದವನೆಂದು ಆಮೇಲೆ ತಿಳಿಯುತ್ತದೆ. ಅವನಿಗೆ ಬರಹಗಾರನಾಗುವ ಆಸೆ, ಅಪ್ಪನಿಗೆ ಎಂಜಿನಿಯರ್ ಬೇಕಿತ್ತು.

ಹಾಸ್ಯಚಿತ್ರದಲ್ಲಿ ಇಷ್ಟೊಂದು ಸಾವು ಏಕೆ? ನೇರವಾಗಿ ಹೇಳಿದ್ದರೆ ನಾವು ಚಾನೆಲ್ ಬದಲಿಸುತ್ತಿದ್ದೆವು. ನಗಿಸುತ್ತಾ ಹತ್ತಿರ ಕರೆದು ಹೇಳಿದ್ದರಿಂದ ಕುಳಿತು ನೋಡಿದೆವು. ಹತ್ತನೆಯ ತರಗತಿ, ಪ್ಲಸ್ ಟು ಫಲಿತಾಂಶದ ದಿನ ನಿಮ್ಮ ಮನೆಯಲ್ಲಿ ಮೊದಲು ಬರುವ ಮಾತು ಯಾವುದು ಎಂದು ಈಗಲೇ ಯೋಚಿಸಿಡಿ. ‘ಊಟ ಮಾಡು ಬಾ, ಮುಂದಿನದು ನಾಳೆ ನೋಡೋಣ’ ಎಂಬ ಮಾತು ಆ ದಿನಕ್ಕೆ ಸಾಕು. ಫೋನಿನಲ್ಲಿ ನೆಂಟರಿಗೆ ಅಂಕ ಹೇಳುವುದು, ಪಕ್ಕದ ಮನೆಯ ಮಗುವಿನ ಅಂಕ ಕೇಳುವುದು, ಎರಡನ್ನೂ ಒಂದು ದಿನದ ಮಟ್ಟಿಗಾದರೂ ಮುಂದೂಡಿ.

ಸಮವಸ್ತ್ರದ ತಮಾಷೆ

ಇಷ್ಟು ಬಹಳ ಜನರಿಗೆ ಗೊತ್ತಿರುವ ಸಂಗತಿ. ನನಗೆ ಮುಖ್ಯವೆನಿಸಿದ್ದು ಇನ್ನೊಂದು. ಅದು ಚಿತ್ರದ ಒಂದು ಚಿಕ್ಕ ತಮಾಷೆಯಲ್ಲಿ ಬಂದುಹೋಗುತ್ತದೆ.

ಹಾಸ್ಟೆಲಿನಲ್ಲಿ ಒಬ್ಬ ಪುಟ್ಟ ಹುಡುಗನಿದ್ದಾನೆ. ಹೆಸರು ಮನಮೋಹನ್. ಎಲ್ಲರೂ ಕರೆಯುವುದು ‘ಮಿಲಿಮೀಟರ್’. ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು, ಹಾಲು-ಮೊಟ್ಟೆ ತಂದುಕೊಡುವುದು ಅವನ ಕೆಲಸ. ಶಾಲೆಗೆ ಏಕೆ ಹೋಗುವುದಿಲ್ಲ ಎಂದರೆ ಹಣವಿಲ್ಲ. ಆಗ ರಾಂಚೊ ಒಂದು ಉಪಾಯ ಹೇಳುತ್ತಾನೆ. ಶಾಲೆಗೆ ಹೋಗಲು ಹಣ ಬೇಕಿಲ್ಲ, ಸಮವಸ್ತ್ರ ಸಾಕು. ಹಾಕಿಕೊಂಡು ಹೋಗಿ ಕುಳಿತುಬಿಡು, ಅಷ್ಟು ಮಕ್ಕಳ ನಡುವೆ ಯಾರಿಗೆ ತಿಳಿಯುತ್ತದೆ? ಸಿಕ್ಕಿಬಿದ್ದರೆ ಸಮವಸ್ತ್ರ ಬದಲಿಸು, ಶಾಲೆ ಬದಲಿಸು. ನಾವು ನಗುತ್ತೇವೆ. ಎಂಥ ತುಂಟ ಬುದ್ಧಿ ಎನ್ನುತ್ತೇವೆ.

ಚಿತ್ರದ ಉತ್ತರಾರ್ಧದಲ್ಲಿ ಗುಟ್ಟು ಒಡೆಯುತ್ತದೆ. ಗೆಳೆಯರು ರಾಂಚೊನನ್ನು ಹುಡುಕಿಕೊಂಡು ಶಿಮ್ಲಾದ ಶ್ರೀಮಂತರ ಮನೆಗೆ ಹೋದರೆ, ಆ ಹೆಸರಿನವನು ಬೇರೆಯೇ ಮನುಷ್ಯ. ಗೋಡೆಯ ಮೇಲೆ ತಮ್ಮದೇ ಕಾಲೇಜಿನ ಪದವಿ ಪತ್ರ ತೂಗುತ್ತಿದೆ. ಅವರ ಗೆಳೆಯ ಆ ಮನೆಯ ತೋಟದ ಮಾಲಿಯ ಮಗ. ತಂದೆ ತೀರಿಕೊಂಡ ಮೇಲೆ ಅದೇ ಮನೆಯಲ್ಲಿ ಆಳಾಗಿ ಉಳಿದವನು. ಓದುವ ಹಸಿವಿನಿಂದ ಸಮವಸ್ತ್ರ ತೊಟ್ಟು ಯಾವ ತರಗತಿಯಾದರೆ ಆ ತರಗತಿಗೆ ನುಗ್ಗಿ ಕುಳಿತುಬಿಡುತ್ತಿದ್ದವನು. ಒಂದು ದಿನ ಸಿಕ್ಕಿಬಿದ್ದ. ಯಜಮಾನ ಲೆಕ್ಕ ಹಾಕಿದ: ಇವನಿಗೆ ಕಲಿಕೆ ಬೇಕು, ನನ್ನ ಮಗನಿಗೆ ಕಾಗದ ಬೇಕು. ಮಗನ ಹೆಸರಿನಲ್ಲಿ ಇವನನ್ನೇ ಓದಿಸಿದ. ಪದವಿ ಕೈಗೆ ಬಂದ ದಿನ ಕಣ್ಮರೆಯಾಗಬೇಕೆಂಬುದು ಕರಾರು.

ಮಿಲಿಮೀಟರ್‌ಗೆ ಹೇಳಿದ್ದು ತುಂಟತನವಲ್ಲ, ತನ್ನ ಜೀವನಚರಿತ್ರೆ. ಇಡೀ ಕಾಲೇಜಿನಲ್ಲಿ ಕಲಿಕೆಯನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವನಿಗೆ ಅಲ್ಲಿ ಕೂರುವ ಹಕ್ಕೇ ಇರಲಿಲ್ಲ. ‘ಅಂಕಪಟ್ಟಿಯ ಹಿಂದೆ ಓಡಬೇಡ, ಕಲಿ’ ಎಂದು ಅವನು ಧೈರ್ಯವಾಗಿ ಹೇಳಲು ಒಂದು ಕಾರಣ, ಕಾಗದ ಅವನಿಗೆ ಹೇಗೂ ಸಿಗುವಂತಿರಲಿಲ್ಲ. ಕೊನೆಯಲ್ಲಿ ಅವನು ಲಡಾಖ್‌ನಲ್ಲಿ ಮಕ್ಕಳಿಗೆ ಶಾಲೆ ನಡೆಸುತ್ತಾ, ನಾನೂರು ಪೇಟೆಂಟುಗಳ ವಿಜ್ಞಾನಿಯಾಗಿ ಸಿಗುತ್ತಾನೆ. ಆ ಸಂತೋಷದಲ್ಲಿ ನಾವು ಒಂದು ಪ್ರಶ್ನೆಯನ್ನು ಮರೆಯುತ್ತೇವೆ. ಅವನು ಅಷ್ಟು ದೊಡ್ಡ ಪ್ರತಿಭೆಯಾಗಿರದೆ ಸಾಧಾರಣ ಜಾಣನಾಗಿದ್ದರೆ? ಮಾಲಿಯ ಮಗ ಮಾಲಿಯಾಗಿಯೇ ಉಳಿಯುತ್ತಿದ್ದ. ಅವನ ಕಲಿಕೆ ಇನ್ನೊಬ್ಬರ ಗೋಡೆಯ ಮೇಲೆ ತೂಗುತ್ತಿತ್ತು.

ಚಿತ್ರ ಬಂದ ಕಾಲವನ್ನೂ ಗಮನಿಸಿ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡುವ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2009ರ ಆಗಸ್ಟ್‌ನಲ್ಲಿ. ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ನಡುವಿನ ಡಿಸೆಂಬರ್‌ನಲ್ಲಿ ಈ ಚಿತ್ರ ಬಂತು. ಕದ್ದು ಕೂರುವ ಹುಡುಗನ ತಮಾಷೆಗೆ ದೇಶ ನಗುತ್ತಿದ್ದಾಗ, ಅವನು ಕದಿಯಬೇಕಾಗಿಲ್ಲ, ಅದು ಅವನ ಹಕ್ಕು ಎಂದು ಹೇಳುವ ಕಾಯ್ದೆ ಬಾಗಿಲಲ್ಲಿ ನಿಂತಿತ್ತು. ಅದೇ ಕಾಯ್ದೆಯಲ್ಲಿ, ಸಾಧ್ಯವಾದ ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕು ಎಂಬ ಮಾತೂ ಇದೆ. ಅದಕ್ಕೂ ಬಹಳ ಹಿಂದೆ, ರಾಜ್ಯಗಳು ಭಾಷೆಯ ಆಧಾರದಲ್ಲಿ ಮರುವಿಂಗಡಣೆಯಾದ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಕಾಸರಗೋಡಿನಿಂದ ಜತ್ತದವರೆಗೆ ನಮ್ಮ ಮಕ್ಕಳು ಕುಳಿತಿರುವ ಬೆಂಚು ಯಾರ ಔದಾರ್ಯದಿಂದ ಬಂದದ್ದೂ ಅಲ್ಲ.

ಲಡಾಖ್‌ನ ಇನ್ನೊಬ್ಬ ಹುಡುಗ

ಚಿತ್ರದಲ್ಲಿ ರಾಂಚೊನ ನಿಜವಾದ ಹೆಸರು ಫುನ್‌ಸುಕ್ ವಾಂಗ್ಡು. ಈ ಪಾತ್ರಕ್ಕೆ ಲಡಾಖ್‌ನ ಸೋನಂ ವಾಂಗ್ಚುಕ್ ಅವರೇ ಪ್ರೇರಣೆ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಪ್ರೇರಣೆಯ ಮಾತು ಹೇಗಾದರೂ ಇರಲಿ, ಅವರ ಬಾಲ್ಯದ ಕಥೆ ನಮಗೆ ಸಲ್ಲುವಂಥದ್ದು. 1966ರಲ್ಲಿ ಹುಟ್ಟಿದ ಅವರ ಹಳ್ಳಿಯಲ್ಲಿ ಶಾಲೆ ಇರಲಿಲ್ಲ. ಸುಮಾರು ಒಂಬತ್ತು ವರ್ಷದವರೆಗೆ ತಾಯಿಯೇ ಮನೆಯ ಮಾತಿನಲ್ಲಿ ಓದು-ಬರಹ ಕಲಿಸಿದರು. ಆಮೇಲೆ ಶ್ರೀನಗರದ ಶಾಲೆಗೆ ಸೇರಿಸಿದಾಗ ಅಲ್ಲಿನ ಭಾಷೆ ತಿಳಿಯದೆ ಹುಡುಗ ಸುಮ್ಮನೆ ಕೂರುತ್ತಿದ್ದ. ಉತ್ತರ ಹೇಳದವನನ್ನು ದಡ್ಡನೆಂದು ಬಗೆದರು. ಅದೇ ಹುಡುಗ ಎಂಜಿನಿಯರ್ ಆದ. ಮನೆಯಲ್ಲಿ ಲಡಾಖಿ, ಶಾಲೆಯಲ್ಲಿ ಉರ್ದು, ಮುಂದೆ ಇಂಗ್ಲಿಷ್ ಎಂದು ಒದ್ದಾಡಿ ಹತ್ತನೆಯ ತರಗತಿಯಲ್ಲಿ ನಪಾಸಾಗುತ್ತಿದ್ದ ಮಕ್ಕಳಿಗಾಗಿ ಗೆಳೆಯರೊಡನೆ 1988ರಲ್ಲಿ ‘ಸೆಕ್‌ಮೋಲ್’ ಎಂಬ ಸಂಸ್ಥೆ ಕಟ್ಟಿದ.

ಈ ಹುಡುಗನನ್ನೂ ಚತುರ್‌ನನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿ. ತಿಳಿಯದ ಭಾಷೆಯ ತರಗತಿಯಲ್ಲಿ ಒಬ್ಬ ಮಾತೇ ಆಡುವುದಿಲ್ಲ, ಇನ್ನೊಬ್ಬ ತಿಳಿಯದ್ದನ್ನೇ ಗಟ್ಟಿಯಾಗಿ ಒಪ್ಪಿಸುತ್ತಾನೆ. ಮೊದಲನೆಯವನನ್ನು ದಡ್ಡ ಎಂದರು, ಎರಡನೆಯವನನ್ನು ಜಾಣ ಎಂದರು. ಎರಡೂ ತಪ್ಪು ಲೆಕ್ಕ. ಮಗುವಿನ ಬುದ್ಧಿ ಎಷ್ಟೆಂದು ತಿಳಿಯಬೇಕಾದರೆ ಅದರ ಮಾತಿನಲ್ಲೇ ಕೇಳಬೇಕು.

ಚಿತ್ರ ಹೇಳದೆ ಬಿಟ್ಟದ್ದು

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ‘ಕಲಿಯುತ್ತಾ ಹೋಗು, ಯಶಸ್ಸು ತಾನಾಗಿ ಬೆನ್ನು ಹತ್ತುತ್ತದೆ’ ಎಂಬ ಧಾಟಿಯ ಮಾತನ್ನು ಚಿತ್ರದಿಂದ ಹಾಗೆಯೇ ಎತ್ತಿಕೊಳ್ಳಬೇಡಿ. ಏಸಿ ಇರುವ ಮನೆಯ ಮಗ ಎಂಜಿನಿಯರಿಂಗ್ ಬಿಟ್ಟು ಕ್ಯಾಮೆರಾ ಹಿಡಿಯಬಹುದು. ಕೂಲಿ ಮಾಡಿ ಓದಿಸುವ ಮನೆಗೆ ಅಂಕವೂ ಬೇಕು, ಪ್ರಮಾಣಪತ್ರವೂ ಬೇಕು. ನಮ್ಮ ಮಕ್ಕಳಿಗಂತೂ ಕೆಲಸ ಇನ್ನೂ ಹೆಚ್ಚು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಕನ್ನಡ ಮಾಧ್ಯಮದ ಮಗುವಿನ ಮುಂದೆ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಇವೆ. ಮೂರು ಲಿಪಿ, ಮೂರು ವ್ಯಾಕರಣ. ಇದು ಭಾರವೆಂದು ಅಳುವ ಮೊದಲು, ಯಾವುದನ್ನು ಯಾವುದಕ್ಕೆ ಬಳಸಬೇಕೆಂದು ತಿಳಿದುಕೊಳ್ಳೋಣ. ತಿಳಿಯುವುದಕ್ಕೆ ಕನ್ನಡ. ಬೀದಿ, ಬಸ್ಸು, ಕಚೇರಿಗೆ ತಮಿಳು. ಕೇರಳದವರಿಗೆ ಮಲಯಾಳ, ಸೊಲ್ಲಾಪುರದವರಿಗೆ ಮರಾಠಿ, ಮಡಕಶಿರದವರಿಗೆ ತೆಲುಗು. ಮುಂದಿನ ಓದಿಗೆ ಇಂಗ್ಲಿಷ್. ತಿಳಿಯುವ ಭಾಷೆ ಗಟ್ಟಿಯಾದರೆ ಉಳಿದ ಎರಡು ಅದರ ಮೇಲೆ ನಿಲ್ಲುತ್ತವೆ.

ಜೂನ್ ಹತ್ತಿರ ಬಂದಂತೆ ಹಲವು ಮನೆಗಳಲ್ಲಿ ಒಂದೇ ಚರ್ಚೆ: ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸೋಣವೇ? ಬದಲಿಸಿದವರನ್ನು ನಾನು ದೂರುವುದಿಲ್ಲ. ಕನ್ನಡ ತರಗತಿಯಲ್ಲಿ ಶಿಕ್ಷಕರಿಲ್ಲದೆ ವರ್ಷ ಕಳೆದರೆ ತಂದೆತಾಯಿ ಇನ್ನೇನು ಮಾಡಿಯಾರು? ಆದರೆ ಕೇವಲ ನಾಚಿಕೆಯಿಂದ, ನೆಂಟರ ಮುಂದೆ ತಲೆತಗ್ಗಿಸಬೇಕಾದೀತೆಂಬ ಅಂಜಿಕೆಯಿಂದ ಬದಲಿಸಬೇಡಿ. ಹಾಗೆ ಮಾಡಿದರೆ ಮಗುವಿಗೆ ಎರವಲು ಸಮವಸ್ತ್ರ ತೊಡಿಸಿ, ಸಿಕ್ಕಿಬೀಳದಂತೆ ಕುಳಿತಿರು ಎಂದು ಕಳಿಸಿದಂತಾಗುತ್ತದೆ. ಅದರ ಸ್ವಂತ ಬೆಂಚು ಖಾಲಿಯಾಗುತ್ತದೆ. ಮಕ್ಕಳ ಸಂಖ್ಯೆ ಇಳಿದ ಕಡೆ ಹುದ್ದೆಯೂ ಇಳಿಯುತ್ತದೆ, ಹುದ್ದೆ ಇಳಿದ ಕಡೆ ಉಳಿದ ಮಕ್ಕಳ ಪಾಠವೂ ಇಳಿಯುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ಖರ್ಚಿಲ್ಲದ ನಾಲ್ಕು ಕೆಲಸಗಳನ್ನು ಹೇಳುತ್ತೇನೆ. ಮೊದಲನೆಯದು, ದಿನಕ್ಕೊಂದು ಪಾಠವನ್ನು ‘ನಿನ್ನ ಮಾತಿನಲ್ಲಿ ಹೇಳು’ ಎಂದು ಕೇಳಿ. ಪುಸ್ತಕ ಮುಚ್ಚಿರಲಿ. ಮಗು ನಿಮ್ಮೂರಿನ ಕನ್ನಡದಲ್ಲಿ, ತಮಿಳೋ ತೆಲುಗೋ ಬೆರೆಸಿ ಹೇಳಿದರೂ ತಿದ್ದಲು ಹೋಗಬೇಡಿ. ತಿಳಿದಿದೆಯೇ ಎಂದಷ್ಟೇ ನೋಡಿ.

ಎರಡನೆಯದು, ಹಾಗೆ ತಿಳಿದ ಮೇಲೆ ಪುಸ್ತಕದ ವಾಕ್ಯವನ್ನೂ ಬರೆದು ಅಭ್ಯಾಸ ಮಾಡಿಸಿ. ಪರೀಕ್ಷೆಯಲ್ಲಿ ಅಂಕ ಕೊಡುವವರಿಗೆ ಪುಸ್ತಕದ ಮಾತು ಬೇಕು. ರಾಂಚೊನ ತಿಳಿವಳಿಕೆ, ಚತುರ್‌ನ ಶ್ರದ್ಧೆ ಎರಡೂ ಒಂದೇ ಮಗುವಿನಲ್ಲಿ ಇರಬಾರದೆಂದು ಯಾರೂ ಹೇಳಿಲ್ಲ.

ಮೂರನೆಯದು, ಎಂಟನೆಯ ತರಗತಿಯಿಂದಲೇ ಒಂದು ಪದಗಳ ನೋಟುಪುಸ್ತಕ ಮಾಡಿಸಿ. ಒಂದು ಸಾಲಿನಲ್ಲಿ ವಿಜ್ಞಾನ, ಗಣಿತದ ಕನ್ನಡ ಪದ, ಎದುರಿಗೆ ರಾಜ್ಯದ ಭಾಷೆಯ ಪದ, ಅದರಾಚೆ ಇಂಗ್ಲಿಷ್ ಪದ, ಕೊನೆಗೆ ಮನೆಯ ಮಾತಿನಲ್ಲಿ ಅರ್ಥ. ಹತ್ತರ ನಂತರ ಇಂಗ್ಲಿಷಿಗೆ ಹೋಗುವ ಮಗುವಿಗೆ ಮೊದಲ ಆರು ತಿಂಗಳು ಈ ಪುಸ್ತಕ ಊರುಗೋಲಾಗುತ್ತದೆ.

ನಾಲ್ಕನೆಯದು, ಇಂಗ್ಲಿಷನ್ನು ಒಪ್ಪಿಸಲು ಕಲಿಸಬೇಡಿ, ಕೇಳಲು, ಓದಲು, ಎರಡು ವಾಕ್ಯ ಸ್ವಂತವಾಗಿ ಹೇಳಲು ಕಲಿಸಿ. ಮಗುವಿನ ಸ್ವಂತದ ಎರಡು ವಾಕ್ಯ ಒಪ್ಪಿಸಿದ ಇಪ್ಪತ್ತು ವಾಕ್ಯಕ್ಕಿಂತ ದೊಡ್ಡದು.

ಮುಂದಿನ ರಜೆಯಲ್ಲಿ ಈ ಚಿತ್ರ ಬಂದರೆ ಧಾರಾಳವಾಗಿ ನೋಡಿ, ಮನಸಾರೆ ನಗಿ. ನಡುವೆ ಜಾಹೀರಾತು ಬಂದಾಗ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಆ ಮಿಲಿಮೀಟರ್ ಏಕೆ ಶಾಲೆಗೆ ಹೋಗದೆ ಬಟ್ಟೆ ಒಗೆಯುತ್ತಿದ್ದಾನೆ? ಉತ್ತರ ಹುಡುಕುತ್ತಾ ಹೋದರೆ ಮಕ್ಕಳೇ ಈ ಚಿತ್ರದ ಒಳಗಿನ ಕಥೆಗೆ ತಲುಪುತ್ತಾರೆ. ಜೊತೆಗೆ ತಾವು ಕುಳಿತಿರುವ ಬೆಂಚು, ತೊಟ್ಟಿರುವ ಸಮವಸ್ತ್ರ, ಓದುತ್ತಿರುವ ಭಾಷೆ ಮೂರೂ ತಮ್ಮವೇ 
ಎಂಬುದು ಅವರಿಗೆ ತಿಳಿಯಲಿ. ನಾಳೆ ಬರುವ ಪ್ರಮಾಣಪತ್ರವೂ ಅವರ ಹೆಸರಿನಲ್ಲೇ, ನಿಮ್ಮ ಮನೆಯ ಗೋಡೆಯ ಮೇಲೇ ತೂಗಲಿ.